ಗೆಳೆಯಾ, ಈ ಸಲದ ಪಟ್ಟಿ ನಾನಿನ್ನೂ ಕಳಿಸಿಲ್ಲ

ಪ್ರೀತಿಯ ಗೆಳೆಯಾ,

ನೀನು ಮೂರು ಸಲ ಕೇಳಿದೆ. ಪ್ರತಿಭಾ ಪುರಸ್ಕಾರದ ಪಟ್ಟಿ ಎಲ್ಲಿ, ಶೀಲ್ಡಿನ ಮೇಲೆ ಯಾರ ಹೆಸರು ಬರೆಸಬೇಕು ಅಂತ. ಮೂರು ಸಲವೂ ಏನೋ ಒಂದು ಹೇಳಿ ಜಾರಿಕೊಂಡೆ. ಕೆಲಸ ಜಾಸ್ತಿ ಅಂದೆ. ಹೆಡ್ ಮಾಸ್ಟರ್ ಊರಲ್ಲಿಲ್ಲ ಅಂದೆ. ಅವರು ಊರಲ್ಲೇ ಇದ್ದರು. ಪಟ್ಟಿಯೂ ನನ್ನ ಮೇಜಿನ ಮೇಲೇ ಇತ್ತು.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಬಿಡೋ, ತಲೆ ಕೆಡಿಸ್ಕೋಬೇಡ" ಅಂದುಬಿಡುತ್ತೀಯ, ನಾನೂ ಹೂಂ ಅಂದುಬಿಡುತ್ತೇನೆ. ಅದಕ್ಕೇ ಪತ್ರ. ಎಲ್ಲರಿಗೂ ಕಾಣುವ ಹಾಗೆ ಬರೆಯುವುದಕ್ಕೂ ಕಾರಣ ಇದೆ. ಮಕ್ಕಳ ಓದಿಗೆ ಅಂತ ನಾವು ನಡೆಸುವ ನಿಧಿಗೆ ತಿಂಗಳು ತಿಂಗಳು ದುಡ್ಡು ಹಾಕುವವರಲ್ಲಿ ಸುಮಾರು ಜನ ಇದನ್ನು ಓದುತ್ತಾರೆ. ಅವರ ದುಡ್ಡಿನ ವಿಷಯ ಅವರಿಗೂ ಗೊತ್ತಾಗಬೇಕು, ಅಲ್ವಾ? ಛತ್ರಿ ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ, ಹೆದರಬೇಡ.

ಹೋದ ವರ್ಷದ ಕಾರ್ಯಕ್ರಮ ನೆನಪಿದೆಯಾ? ನೀನು ವೇದಿಕೆ ಮೇಲಿದ್ದೆ. ನಾನು ಕೆಳಗೆ, ಶಾಮಿಯಾನದ ಕಂಬದ ಹತ್ತಿರ. ಎಲ್ಲ ಮುಗಿದು ಕುರ್ಚಿ ಎತ್ತಿಡುತ್ತಿದ್ದಾಗ ಒಬ್ಬರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗಿಂದ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದರು. 625ಕ್ಕೆ 241. "ಸಾರ್, ಪಾಸಾಗಿದ್ದಾಳೆ. ನಮ್ಮನೇಲಿ ಇವಳೇ ಮೊದಲ್ನೇವ್ಳು. ಇವಳಿಗೂ ಏನಾದ್ರೂ ಇರುತ್ತಾ?" ಅಂತ ಕೇಳಿದರು.

"ಇದು ಜಾಸ್ತಿ ಅಂಕ ತಗೊಂಡವರಿಗೆ" ಅಂದೆ. ಒರಟಾಗಿ ಹೇಳಲಿಲ್ಲ. ನಗುತ್ತಲೇ ಹೇಳಿದೆ. ಅವರು "ಹೌದಾ ಸಾರ್" ಅಂದರು. ಅಂಕಪಟ್ಟಿಯನ್ನು ಮೂಲೆ ಮಡಚದ ಹಾಗೆ ಮತ್ತೆ ಕವರಿಗೆ ಹಾಕಿದರು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಅಲ್ಲೇ ನಿಂತಿದ್ದೆ. ಆ ಹುಡುಗಿ ಎಲ್ಲಿಗೆ ಸೇರುತ್ತಾಳೆ, ಪಿಯುಸಿಗೆ ಹೋಗುತ್ತಾಳಾ, ಶುಲ್ಕಕ್ಕೆ ಏನು ಮಾಡುತ್ತಾರೆ, ಒಂದೂ ಕೇಳಲಿಲ್ಲ.

ಈ ವರ್ಷ ಪಟ್ಟಿ ಮಾಡಲು ಕೂತಾಗ ಆ ಕವರು ಕಣ್ಣಿಗೆ ಬಂತು. ಹಳೇ ಪಟ್ಟಿಗಳನ್ನೆಲ್ಲ ತೆಗೆದೆ. ಆರು ವರ್ಷ, ವರ್ಷಕ್ಕೆ ಮೂವರು, 18 ಮಕ್ಕಳು. ಒಳ್ಳೇ ಮಕ್ಕಳು, ಕಷ್ಟಪಟ್ಟು ಓದಿದವರು. ಅವರಿಗೆ ಸಿಕ್ಕಿದ್ದು ಸಿಗಲೇಬೇಕಾದದ್ದು. ಆದರೆ ಒಬ್ಬಳು ಅದೇ ತಿಂಗಳು ನಾಲ್ಕು ವೇದಿಕೆ ಹತ್ತಿದ್ದಳು. ನಮ್ಮದು ಐದನೆಯದು. ಆ ಶಾಲು ಅವಳಿಗೆ ಏನು ಮಾಡಿತು ಅಂತ ಯೋಚಿಸಿದರೆ ನನ್ನ ಹತ್ತಿರ ಉತ್ತರ ಇಲ್ಲ. ನಾವಷ್ಟೇ ಅಲ್ಲ, ಎಲ್ಲರೂ ಹೀಗೇ ಆರಿಸುತ್ತೇವೆ. ಎನ್‌ಎಂಎಂಎಸ್ ನೋಡು. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ, ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ. ಬಡ ಮನೆಯ ಮಕ್ಕಳಿಗೆ ನಿಜವಾಗಿಯೂ ದೊಡ್ಡ ಆಸರೆ. ಆದರೆ ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಗೆಲ್ಲಬೇಕು. ಅಷ್ಟು ಹೊತ್ತಿಗೆ ಓದಲು ಬಾರದ ಮಗು ಆ ಬಾಗಿಲ ಹತ್ತಿರವೂ ಬರುವುದಿಲ್ಲ.

ಓದಲು ಬಾರದ ಮಕ್ಕಳು ಎಲ್ಲೋ ಒಬ್ಬರು ಇಬ್ಬರು ಅಂತ ನಾನೂ ಅಂದುಕೊಂಡಿದ್ದೆ. ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಒಂದು ಕಥೆ. ಕಥೆ ಎರಡನೇ ತರಗತಿ ಮಟ್ಟದ್ದು. 2024ರಲ್ಲಿ ದೇಶದ ಹಳ್ಳಿಗಾಡಿನ ಐದನೇ ತರಗತಿ ಮಕ್ಕಳಲ್ಲಿ ಆ ಕಥೆ ಓದಿದವರು ನೂರಕ್ಕೆ 48.8. ಅರ್ಧಕ್ಕರ್ಧ ಮಕ್ಕಳು ಅದನ್ನು ಓದದೇ ಆರನೇ ತರಗತಿಗೆ ಹೋಗುತ್ತಾರೆ. ಅಲ್ಲಿ ವಿಜ್ಞಾನ, ಸಮಾಜ ಎಲ್ಲವೂ ಓದಿಯೇ ಕಲಿಯಬೇಕು.

ನಾವು ಜೂನ್‌ನಲ್ಲಿ ಹಂಚುವ ಪುಸ್ತಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಪಶ್ಚಿಮ ಕೀನ್ಯಾದ ಶಾಲೆಗಳಿಗೆ 1990ರ ದಶಕದಲ್ಲಿ ಪಠ್ಯಪುಸ್ತಕ ಹಂಚಿ ಏನಾಯಿತು ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೇಮರ್ ಮತ್ತು ಜೊತೆಯವರು ಅಳೆದು ನೋಡಿದರು. ಒಟ್ಟು ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಮುಂದಿದ್ದ ಮಕ್ಕಳ ಅಂಕ ಮಾತ್ರ ಏರಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆ. ಪುಸ್ತಕ ಕೈಯಲ್ಲಿದ್ದರೂ ಅವರಿಗೆ ತೆರೆದುಕೊಳ್ಳಲಿಲ್ಲ. ಇದನ್ನು ಓದಿದಾಗ ನನಗೆ ಕೀನ್ಯಾ ಕಾಣಲಿಲ್ಲ. ನಾನು ಮಕ್ಕಳಿಗೆ ಪಾಠ ಹೇಳುವ ನಮ್ಮ ಶನಿವಾರದ ತರಗತಿ ಕಂಡಿತು.

ಇಲ್ಲಿಯವರೆಗೆ ಬರೆಯಬೇಕು ಅಂತಲೇ ಕೂತಿದ್ದೆ. ಮುಂದಿನದನ್ನು ಬರೆಯುವ ಯೋಚನೆ ಇರಲಿಲ್ಲ.

ಶನಿವಾರದ ಪಾಠಕ್ಕೆ ಆರನೇ ತರಗತಿಯ ಒಬ್ಬ ಹುಡುಗ ಬರುತ್ತಿದ್ದ. ಎಲ್ಲರಿಗಿಂತ ಮೊದಲು ಬಂದು ಕೋಣೆ ಗುಡಿಸಿ ಚಾಪೆ ಹಾಸುತ್ತಿದ್ದ. ನೀನು ಬಂದಾಗ ಸೈಕಲ್ ಹಿಡಿದುಕೊಂಡು ನಿಂತಿದ್ದನಲ್ಲ, ಅವನೇ. ಒಂದು ದಿನ ಪಾಠ ಓದು ಅಂದೆ. ಗಟ್ಟಿಯಾಗಿ ಓದಿದ, ಎಲ್ಲೂ ತಡವರಿಸಲಿಲ್ಲ. ಅವನ ಬೆರಳು ಮಾತ್ರ ಬೇರೆ ಸಾಲಿನ ಮೇಲಿತ್ತು. ಬಾಯಲ್ಲಿ ಮೂರನೇ ಸಾಲು, ಬೆರಳು ಐದನೇ ಸಾಲಿನಲ್ಲಿ. ಇಡೀ ಪಾಠ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಕಣೋ.

ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತು ಅಂತ ಅವನಿಗೂ ಗೊತ್ತಾಯಿತು. ನಾನು "ಶಭಾಷ್" ಅಂದು ಪಕ್ಕದ ಹುಡುಗಿಗೆ ಓದಲು ಹೇಳಿದೆ.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಅವನ ಮಾನ ಉಳಿಸಲು ಅಂತ ಹೇಳಿಕೊಳ್ಳಬಹುದು. ಅದು ಸುಳ್ಳು. ಅವನ ಜೊತೆ ಕೂತರೆ ತಿಂಗಳುಗಟ್ಟಲೆ ಬೇಕು. ಅದೇ ಹೊತ್ತಿನಲ್ಲಿ ಮುಂದಿನ ಸಾಲಿನ ಮಕ್ಕಳು ಟಕ್ ಅಂತ ಉತ್ತರ ಹೇಳುತ್ತಾರೆ, ಅವರಿಗೆ ಕಲಿಸಿದರೆ ನಾನು ಒಳ್ಳೇ ಮೇಷ್ಟ್ರು ಅನಿಸುತ್ತದೆ. ನನಗೆ ಅದು ಬೇಕಾಗಿತ್ತು. ಆಮೇಲೆ ಅವನಿಗೆ ಹಾಜರಿ ಬರೆಯುವ ಹುಡುಗಿಯ ಪಕ್ಕ ನಿಲ್ಲುವ ಕೆಲಸ ಕೊಟ್ಟೆ. ಬೋರ್ಡ್ ಒರೆಸುವ ಕೆಲಸ ಕೊಟ್ಟೆ. ಓದು ಅಂತ ಮತ್ತೆ ಹೇಳಲೇ ಇಲ್ಲ.

ಇನ್ನೊಂದು ಇದೆ. ಒಂದು ಶನಿವಾರ ಮಕ್ಕಳು ಕೇಳಿದರು, "ಸಾರ್, ನಿಮಗೆ ಎಸ್ಸೆಸ್ಸೆಲ್ಸೀಲಿ ಎಷ್ಟು?" ನಾನು "ಕ್ಲಾಸಿಗೇ ಫಸ್ಟ್" ಅಂದುಬಿಟ್ಟೆ. ಆ ಹುಡುಗ ಒರೆಸುವ ಬಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಅದಾದ ಮೇಲೆ ಎರಡು ಶನಿವಾರ ಬಂದ. ಮೂರನೆಯದಕ್ಕೆ ಬರಲಿಲ್ಲ. ಕಾರಣ ಅದೇ ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ.

ನಿನಗೊಬ್ಬನಿಗೆ ಗೊತ್ತು, ನಾನು ಫಸ್ಟ್ ಅಲ್ಲ. ಗಣಿತ 23. ಫೇಲ್. ಸಪ್ಲಿಮೆಂಟರಿ ಬರೆದವನು. (2024ರಲ್ಲಿ ಸಪ್ಲಿಮೆಂಟರಿ ಅನ್ನುವುದನ್ನು ತೆಗೆದು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಮಾಡಿದರು. ಈಗಿನ ಮಕ್ಕಳಿಗೆ ಆ ಪದ ಹಚ್ಚಿಕೊಂಡು ಓಡಾಡುವ ಕಷ್ಟ ಇಲ್ಲ. ಒಳ್ಳೇದಾಯಿತು.) ಈ ವಿಷಯ ನನ್ನ ಮಗಳಿಗೆ ಗೊತ್ತಿಲ್ಲ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತು ಗೊತ್ತಾಗುತ್ತದೆ.

ಸಪ್ಲಿಮೆಂಟರಿಗೆ ಮುಂಚಿನ ಆ 40 ದಿನ ನಿನಗೆ ನೆನಪಿದೆಯೋ ಇಲ್ಲವೋ. ನಿಮ್ಮ ಮನೆ ತಾರಸಿ ಮೇಲೆ ಮೊದಲ ದಿನ ನೀನು ಹತ್ತನೇ ಕ್ಲಾಸಿನ ಪುಸ್ತಕ ತೆರೆದೆ. ಒಂದು ಲೆಕ್ಕ ಕೊಟ್ಟೆ. ನನಗೆ ಬರಲಿಲ್ಲ. ಅದಕ್ಕಿಂತ ಸುಲಭದ್ದು ಕೊಟ್ಟೆ. ಬರಲಿಲ್ಲ. ಕೊನೆಗೆ ಅರ್ಧಕ್ಕೆ ಕಾಲು ಕೂಡಿಸು ಅಂದೆ. ನಾನು ಸುಮ್ಮನೆ ಕೂತೆ. ನೀನು ಬೈಯಲಿಲ್ಲ, ನಗಲೂ ಇಲ್ಲ. ಪುಸ್ತಕ ಮುಚ್ಚಿ ಕೆಳಗೆ ಹೋದೆ. ನಿನ್ನ ತಂಗಿಯ ಐದನೇ ಕ್ಲಾಸಿನ ಲೆಕ್ಕದ ಪುಸ್ತಕ ತಂದೆ. "ಇಲ್ಲಿಂದ ಶುರು ಮಾಡೋಣ" ಅಂದೆ. ನಮಗಿಬ್ಬರಿಗೂ ಆಗ ಹದಿನಾರು.

ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ "ಬಾಲಸಖಿ" ಅಂತ ನಡೆಸಿತು. ಅದೇ ಕೇರಿಯ, ಪ್ರೌಢಶಾಲೆ ಮುಗಿಸಿದ ಹುಡುಗಿಯರು. ಮೂರು ಮತ್ತು ನಾಲ್ಕನೇ ತರಗತಿಯ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕರೆದುಕೊಂಡು ಹೋಗಿ, ಅವರಿಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಕಲಿಸುತ್ತಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಅವರ ಜೊತೆಗಾರರು ಅದನ್ನು ಅಳೆದರು. ತುಂಬಾ ಹಿಂದಿದ್ದ ಮಕ್ಕಳೇ ಎಲ್ಲರಿಗಿಂತ ಜಾಸ್ತಿ ಮುಂದೆ ಬಂದಿದ್ದರು. 2019ರಲ್ಲಿ ಇವರಿಬ್ಬರಿಗೂ ಕ್ರೇಮರ್‌ಗೂ ಒಟ್ಟಿಗೇ ಅರ್ಥಶಾಸ್ತ್ರದ ನೊಬೆಲ್ ಬಂತು. ಬಾಲಸಖಿಯ ಬಗ್ಗೆ ಓದುತ್ತಾ ಓದುತ್ತಾ ನನಗೆ ಆ ತಾರಸಿ ಕಂಡಿತು ಕಣೋ. ನೀನು ಮಾಡಿದ್ದೂ ಇದನ್ನೇ.

ಹರೇಕಳ ಹಾಜಬ್ಬ ಅವರ ಕಥೆ ನಾವು ಎಷ್ಟು ಸಲ ಭಾಷಣದಲ್ಲಿ ಹೇಳಿದ್ದೇವೆ! ಮಂಗಳೂರಿನಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದವರು, 2020ರಲ್ಲಿ ಪದ್ಮಶ್ರೀ ಅಂತ. ಕೇಳಿದವರು ಚಪ್ಪಾಳೆ ಹೊಡೆಯುತ್ತಾರೆ, ನಾವು ನಿಧಿಗೆ ದುಡ್ಡು ಕೇಳುತ್ತೇವೆ. ಆ ಕಥೆ ಶುರುವಾಗುವುದು ಎಲ್ಲಿಂದ ಅಂತ ಮೊನ್ನೆ ಮತ್ತೆ ಯೋಚಿಸಿದೆ. ವಿದೇಶದವರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಹಾಜಬ್ಬರಿಗೆ ಉತ್ತರ ಹೇಳಲು ಆಗಲಿಲ್ಲ. ಶಾಲೆಯ ಮುಖ ನೋಡಿರದ ಮನುಷ್ಯ. ಆ ಅವಮಾನವನ್ನು ಅವರು ಮುಚ್ಚಿಡಲಿಲ್ಲ, ಎಲ್ಲರ ಮುಂದೆ ಹೇಳಿದರು. ತಾವು ಯಾವ ಮಗುವಾಗಿದ್ದರೋ ಆ ಮಗುವಿಗೇ ಶಾಲೆ ಕಟ್ಟಿದರು. ನಾನು ಆರು ವರ್ಷ ದುಡ್ಡು, ಹೊತ್ತು ಎರಡನ್ನೂ ಕೊಟ್ಟೆ. ಕೊಟ್ಟಿದ್ದು ನಾನು ಆಗಿರದ ಮಗುವಿಗೆ. ಆಗಿದ್ದ ಮಗು ಎದುರಿಗೇ ಬಂದು ಚಾಪೆ ಹಾಸಿತ್ತು.

ಪುರಸ್ಕಾರ ನಿಲ್ಲಿಸೋಣ ಅಂತ ನಾನು ಹೇಳುತ್ತಿಲ್ಲ. ಅದೇ ಪಶ್ಚಿಮ ಕೀನ್ಯಾದ ಬುಸಿಯಾ ಜಿಲ್ಲೆಯಲ್ಲೇ ಹುಡುಗಿಯರಿಗೆ ಅಂಕದ ಮೇಲೆ ವಿದ್ಯಾರ್ಥಿವೇತನ ಕೊಟ್ಟಾಗ, ಗೆಲ್ಲುವ ಸಾಧ್ಯತೆ ಕಡಿಮೆ ಇದ್ದ ಹುಡುಗಿಯರ ಅಂಕವೂ ಏರಿತ್ತು. ಬಹುಮಾನಕ್ಕೂ ಒಂದು ಶಕ್ತಿ ಇದೆ. ಆದರೆ ಶೀಲ್ಡು, ಶಾಲು, ಶಾಮಿಯಾನಕ್ಕೆ ಹೋಗುವ ದುಡ್ಡಿನಲ್ಲಿ ಪಾಸಾದ, ಆದರೆ ಮುಂದೆ ಓದಲು ಕೈಯಲ್ಲಿ ಕಾಸಿಲ್ಲದ ಮಕ್ಕಳ ಪಿಯುಸಿ ಶುಲ್ಕ ಕಟ್ಟಬಹುದು. ಫೇಲಾದವರಿಗೆ ಮರುಪರೀಕ್ಷೆಗೆ ಪಾಠ ಹೇಳಿಕೊಡಲು ಒಬ್ಬರನ್ನು ಇಡಬಹುದು. ಇದಕ್ಕೆ ನೀನು ಒಪ್ಪಬೇಕು. ಉಳಿದವರೂ ಒಪ್ಪಬೇಕು. ಒಪ್ಪದಿದ್ದರೆ ನೇರವಾಗಿ ಹೇಳಿ, ಕೂತು ಮಾತಾಡೋಣ.

ಒಂದು ಕೆಲಸ ಮಾತ್ರ ಕೇಳದೇ ಶುರು ಮಾಡಿದ್ದೇನೆ. ಎರಡು ಶನಿವಾರ ಪಾಠ ಮಾಡಲಿಲ್ಲ. ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಐದು ನಿಮಿಷ ಓದಿಸಿದೆ. ಅಕ್ಷರ, ಪದ, ಪ್ಯಾರಾ, ಕಥೆ. 31 ಮಕ್ಕಳಲ್ಲಿ 11 ಜನ ಪ್ಯಾರಾ ದಾಟಲಿಲ್ಲ. ಅದರಲ್ಲಿ ಇಬ್ಬರು ನನ್ನ ಮುಂದಿನ ಸಾಲಿನವರೇ. ಈಗ ತರಗತಿ ನೋಡಿ ಕೂರಿಸುವುದಿಲ್ಲ, ಎಲ್ಲಿಯವರೆಗೆ ಓದಲು ಬರುತ್ತದೆ ಅಂತ ನೋಡಿ ಕೂರಿಸುತ್ತೇನೆ.

ಆ ಹುಡುಗನ ಮನೆಗೂ ಹೋಗಿದ್ದೆ. ಬಾಗಿಲಲ್ಲೇ ನಿಂತಿದ್ದ, ಒಳಗೆ ಬನ್ನಿ ಅನ್ನಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ 23ರ ಕಥೆ ಹೇಳಿದೆ. ಆವತ್ತು ಸುಳ್ಳು ಹೇಳಿದ್ದೆ ಅಂತಲೂ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ನಿಮಗೆ ಯಾರು ಹೇಳ್ಕೊಟ್ರು?" ಅಂತ ಕೇಳಿದ. ನಿನ್ನ ವಿಷಯ ಹೇಳಿದೆ.

ಈಗ ಬರುತ್ತಿದ್ದಾನೆ. ಕಾಗುಣಿತ ಗೊತ್ತು, ಒತ್ತಕ್ಷರದ ಹತ್ತಿರ ನಿಲ್ಲುತ್ತಾನೆ. "ಹತ್ತು" ಅನ್ನುವುದನ್ನು "ಹತು" ಅಂತ ಓದುತ್ತಾನೆ. ಹೋದ ವಾರ "ಬೆಟ್ಟ", "ಕಲ್ಲು", "ಹಣ್ಣು" ಓದಿದ. ಬೆರಳು ಅದೇ ಪದದ ಮೇಲಿತ್ತು.

ಇಷ್ಟೆಲ್ಲ ಬರೆಯುವ ಹೊತ್ತಿಗೆ ರಾತ್ರಿ ಬಹಳ ಆಗಿದೆ. ಸಾಕು. ನೀನು ಇದನ್ನು ಓದಿ ಫೋನ್ ಮಾಡಿ ದನಿ ಗಂಭೀರ ಮಾಡಿಕೊಂಡು ಮಾತಾಡಬೇಡ, ನನಗೆ ಆಗುವುದಿಲ್ಲ. ಗಂಭೀರ ಆಗಬಾರದು ಅನ್ನುವ ಮೂರನೇ ಬೆಂಚಿನ ನಿಯಮ ನಮಗಿಬ್ಬರಿಗೂ ಇನ್ನೂ ಇದೆ.

ಅಂದ ಹಾಗೆ, ಮುಂದಿನ ಶನಿವಾರ ನೀನು ಬರುತ್ತೀಯ ಅಂತ ಆ ಹುಡುಗನಿಗೆ ಹೇಳಿಬಿಟ್ಟಿದ್ದೇನೆ. ನಿನ್ನನ್ನು ನೋಡಬೇಕಂತೆ. ಬರುವಾಗ ಛತ್ರಿ ತಾ. ನಿನ್ನ ತಂಗಿಯ ಆ ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ, ಅವಳಿಗೆ ಹೇಳಬೇಡ.

ನಿನ್ನವನೇ