ಇನ್ನು ಮುಂದೆ ಒಂದೇ ಬಣ್ಣದ ಚೀಲಗಳಿಲ್ಲ

ಪ್ರೀತಿಯ ಗ್ರಾಹಕರಿಗೆ ಬದಿಯಡ್ಕದಿಂದ ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳಿನಿಂದ ನಮ್ಮಲ್ಲಿ ಬಣ್ಣ ಆರಿಸಿ ಚೀಲ ಹೊಲಿಸಲು ಆಗುವುದಿಲ್ಲ. ಅಳತೆ ಹೇಳಿ, ಎಷ್ಟು ಭಾರ ಹೊರಬೇಕು ಹೇಳಿ, ಚೀಲದ ಕೈ ಉದ್ದ ಬೇಕಾ ಗಿಡ್ಡ ಬೇಕಾ ಅಂತ ಹೇಳಿ, ಅದನ್ನೆಲ್ಲ ನೀವು ಹೇಳಿದ ಹಾಗೆಯೇ ಮಾಡಿಕೊಡುತ್ತೇವೆ. ಬಣ್ಣ ಮಾತ್ರ ಆ ವಾರ ನಮಗೆ ಯಾವ ಹಳೆ ಸೀರೆ, ಮುಂಡು, ಕೊಡೆಬಟ್ಟೆ ಸಿಕ್ಕಿತೋ ಅದರ ಮೇಲೆ. ಈಗಾಗಲೇ ಒಪ್ಪಿಕೊಂಡ ಆರ್ಡರುಗಳು ಮಾತಾದ ಹಾಗೆ ಬರುತ್ತವೆ, ಗಾಬರಿ ಬೇಡ. ಬೆಲೆಯನ್ನೂ ಏರಿಸುತ್ತಿಲ್ಲ.

ಯಾಕೆ ಅಂತ ಕೇಳುತ್ತೀರಿ, ಕೇಳಲೇಬೇಕು. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲದಲ್ಲೇ ತೆಂಗಿನಕಾಯಿ ಕೊಡೋಣ ಅನ್ನುವವರು ಈಗ ಜಾಸ್ತಿ, ಅದು ನಮಗೆ ತುಂಬಾ ಖುಷಿಯ ಸಂಗತಿ. ಆದರೆ ಅದರ ಜೊತೆಗೇ ಇನ್ನೊಂದು ಬೇಡಿಕೆಯೂ ಬರುತ್ತದೆ: 300 ಚೀಲ, ಎಲ್ಲವೂ ಒಂದೇ ಹಸಿರು, ಮೇಲೆ ವಧೂವರರ ಹೆಸರು. ಒಂದು ಸೀರೆ ಅಂದರೆ ಐದೂವರೆ ಮೀಟರ್. ಸವೆದ ಭಾಗ ತೆಗೆದರೆ ಅದರಲ್ಲಿ ನಾಲ್ಕಾರು ಚೀಲ ಆದರೆ ಹೆಚ್ಚು. ಅದೇ ಹಸಿರಿನ ಹಳೆ ಸೀರೆಗಳು ಅಷ್ಟೊಂದು ಎಲ್ಲಿಯೂ ಸಿಗುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಪೇಟೆಗೆ ಹೋಗಿ ಹೊಸ ಬಟ್ಟೆ ಥಾನುಗಟ್ಟಲೆ ತರುವುದು. ಆ ಕೆಲಸ ನಾವು ಮಾಡುವುದಿಲ್ಲ.

ಹತ್ತಿ ಬಟ್ಟೆ ತಾನೇ, ಹೊಸದಾದರೆ ಏನು ಅಂತ ಅನ್ನಿಸಬಹುದು. ಹತ್ತಿ ಬೆಳೆಯಲು ನೀರು, ಗೊಬ್ಬರ, ಮದ್ದು ಬೇಕು. ನೂಲಿಗೆ, ನೇಯ್ಗೆಗೆ ಕರೆಂಟು ಬೇಕು. ಬಣ್ಣ ಹಾಕಲು ಮತ್ತೆ ನೀರು. ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ 2011ರಲ್ಲಿ ಇದರ ಲೆಕ್ಕ ಹಾಕಿತ್ತು. ಒಂದೇ ಸಲ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹೊಸ ಹತ್ತಿ ಚೀಲ ಹವಾಮಾನಕ್ಕೆ ಕಡಿಮೆ ಹೊರೆಯಾಗಬೇಕಾದರೆ ಅದನ್ನು 131 ಸಲ ಬಳಸಬೇಕಂತೆ. ಅದು ಬರೀ ಹವಾಮಾನದ ಲೆಕ್ಕ, ತೋಡಿನಲ್ಲಿ ಸಿಕ್ಕಿಬಿದ್ದ ಪ್ಲಾಸ್ಟಿಕ್, ದನದ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಅದರಲ್ಲಿ ಬರುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ಕೇ ವಾಸಿ ಅಂತ ದಯವಿಟ್ಟು ಯಾರೂ ಅರ್ಥ ಮಾಡಿಕೊಳ್ಳಬೇಡಿ. ಆದರೆ ಊಟ ಮುಗಿಸಿ ಮನೆಗೆ ತಂದು ಕಪಾಟಿನಲ್ಲಿಟ್ಟ, ಬೇರೆಯವರ ಮದುವೆಯ ತಾರೀಕು ಬರೆದ ಚೀಲವನ್ನು ಯಾರು 131 ಸಲ ಅಂಗಡಿಗೆ ಒಯ್ಯುತ್ತಾರೆ? ಅದಕ್ಕೇ ಹೆಸರು ಅಚ್ಚು ಹಾಕುವುದನ್ನೂ ನಿಲ್ಲಿಸುತ್ತಿದ್ದೇವೆ. ಬೇಕಾದರೆ ಚೀಲದೊಳಗೆ ಒಂದು ಚೀಟಿ ಇಟ್ಟು ಕೊಡಿ.

ಹಳೆ ಬಟ್ಟೆ ಅಂದರೆ ಬೇಗ ಹರಿಯುತ್ತದೆ ಅನ್ನುವ ಭಯ ಕೆಲವರಿಗಿದೆ. ನಾವು ಬಟ್ಟೆ ನೋಡುವುದು ಹೀಗೆ. ಮೊದಲು ಬೆಳಕಿಗೆ ಹಿಡಿಯುತ್ತೇವೆ, ನೂಲು ತೆಳುವಾದ ಜಾಗ ಕಂಡುಬಿಡುತ್ತದೆ. ಆಮೇಲೆ ಎರಡು ಕೈಯಲ್ಲಿ ಬಿಗಿ ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆಯುತ್ತೇವೆ. ಚರ್ ಅಂತ ಸದ್ದು ಬಂತೋ, ಆ ತುಂಡು ಮಸಿಬಟ್ಟೆಗೆ ಹೋಯಿತು. ಸೀರೆ ಸವೆಯುವುದು ಹೆಚ್ಚಾಗಿ ಕಾಲ ಬುಡದಲ್ಲಿ, ನೆರಿಗೆ ಸಿಕ್ಕಿಸುವಲ್ಲಿ. ಸೆರಗು ಗಟ್ಟಿ ಇರುತ್ತದೆ. ಒಳಗೆ ಸುತ್ತುವ ತುದಿ ಬಿಸಿಲು ಕಾಣುವುದೇ ಇಲ್ಲ, ಹಾಗಾಗಿ ಅದರ ಬಣ್ಣ ಅಂಗಡಿಯಿಂದ ತಂದ ದಿನದ ಹಾಗೇ ಇರುತ್ತದೆ, ಅದನ್ನು ಜೇಬಿಗೆ ಇಡುತ್ತೇವೆ. ಒಳಪದರಕ್ಕೆ ಹಳೆ ಮುಂಡು. ಚೀಲದ ಕೈಗೆ ಜೀನ್ಸ್ ಪ್ಯಾಂಟಿನ ಸೊಂಟಪಟ್ಟಿ, ಅದಕ್ಕೆ ಮಿಷನ್ನಿಗೆ 18ನೇ ನಂಬರಿನ ಸೂಜಿ ಬೇಕು, ಸಣ್ಣ ಸೂಜಿ ಸೀದಾ ಮುರಿಯುತ್ತದೆ. ಕೈ ಕೂಡಿಸುವಲ್ಲಿ ಒಂದು ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಅಡ್ಡಡ್ಡ ಹೊಲಿಯುತ್ತೇವೆ. ಭಾರ ಎಲ್ಲ ಬೀಳುವುದು ಅಲ್ಲೇ. ಆ ಹೊಲಿಗೆ ಬಿಟ್ಟರೆ ತನ್ನಿ, ದುಡ್ಡಿಲ್ಲದೆ ಸರಿಮಾಡಿಕೊಡುತ್ತೇವೆ, ಎಷ್ಟು ವರ್ಷ ಆದರೂ ಸರಿ.

ಮುರಿದ ಕೊಡೆಯ ಬಟ್ಟೆ ನಮಗೆ ತುಂಬಾ ಇಷ್ಟ. ಒಂದು ಕೊಡೆಗೆ ಸಾಮಾನ್ಯವಾಗಿ ಎಂಟು ತ್ರಿಕೋನ. ಒಂದು ಬಿಟ್ಟು ಒಂದನ್ನು ತಲೆಕೆಳಗು ಮಾಡಿ ಜೋಡಿಸಿದರೆ ನೀಟಾದ ಉದ್ದ ಪಟ್ಟಿಯಾಗುತ್ತದೆ, ಅದರಲ್ಲಿ ಮಡಚಿ ಪರ್ಸಿನಲ್ಲಿ ಇಡುವಂಥ ಚೀಲ ಮಾಡಬಹುದು. ಮೀನು ತರುವವರು ಇದನ್ನೇ ಕೇಳುತ್ತಾರೆ, ನೀರು ಸುರಿದು ತೊಳೆದರೆ ಬೇಗ ಒಣಗುತ್ತದೆ.

ಸಿಮೆಂಟಿನ, ಹಿಂಡಿಯ ಪ್ಲಾಸ್ಟಿಕ್ ಗೋಣಿಯ ಚೀಲ ಮಾತ್ರ ಇನ್ನು ಇಲ್ಲ. ಗಟ್ಟಿ ಅಂತ ಕಾಣುತ್ತದೆ, ಹೌದು. ಆದರೆ ಬಿಸಿಲು ತಿಂದ ಗೋಣಿ ನೂಲುನೂಲಾಗಿ ಪುಡಿ ಉದುರುವುದನ್ನು ನೀವೂ ನೋಡಿರುತ್ತೀರಿ. ಆ ಪುಡಿ ತರಕಾರಿಗೂ ಬೇಡ, ತೋಟಕ್ಕೂ ಬೇಡ. ಹಾಗೆಯೇ ಅಂಗಡಿಯಲ್ಲಿ ಬಟ್ಟೆ ಚೀಲ ಅಂತ ಕೊಡುತ್ತಾರಲ್ಲ, ಮೈತುಂಬ ಸಣ್ಣ ಚುಕ್ಕಿ ಒತ್ತಿದ ತೆಳು ಚೀಲ, ಅದೂ ಪ್ಲಾಸ್ಟಿಕ್ಕೇ. ಅದನ್ನು ನಮಗೆ ತರಬೇಡಿ, ಪ್ಲಾಸ್ಟಿಕ್ ಕಸ ಒಟ್ಟುಮಾಡುವ ಹರಿತ ಕರ್ಮ ಸೇನೆಯ ಅಕ್ಕಂದಿರು ಮನೆಗೆ ಬಂದಾಗ ಕೊಡಿ.

ಮದುವೆಯ ಆರ್ಡರ್ ಇರುವವರಿಗೆ ಒಂದು ಸಲಹೆ. ನಿಮ್ಮ ಮನೆ, ದೊಡ್ಡಮ್ಮನ ಮನೆ, ಅತ್ತೆಯ ಮನೆಗಳ ಅಟ್ಟ, ಟ್ರಂಕು ನೋಡಿ, ಉಡದೆ ಬಿಟ್ಟ ಸೀರೆಗಳನ್ನು ಒಟ್ಟು ಮಾಡಿ ತನ್ನಿ. ಬಟ್ಟೆ ನಿಮ್ಮದಾದರೆ ಹೊಲಿಗೆಯ ಕೂಲಿ ಮಾತ್ರ ಕೊಟ್ಟರೆ ಸಾಕು. ಬಣ್ಣ ಬೇರೆಬೇರೆ ಇದ್ದರೂ ಅಳತೆ ಒಂದೇ ಇದ್ದರೆ ಸಾಲಾಗಿ ಜೋಡಿಸಿಟ್ಟಾಗ ತುಂಬಾ ಚೆಂದ ಕಾಣುತ್ತದೆ. ಅತಿಥಿಗಳೂ ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಬಟ್ಟೆ ತರುವಾಗ ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ ತನ್ನಿ. ಮಳೆಗಾಲದಲ್ಲಿ ಇದು ಕಷ್ಟ ಅಂತ ಗೊತ್ತು, ಆದರೆ ಒಂದು ಬೂಸ್ಟು ಹಿಡಿದ ಸೀರೆ ಇಡೀ ಕಟ್ಟಿಗೆ ವಾಸನೆ ಹತ್ತಿಸುತ್ತದೆ. ಗುಂಡಿ, ಜಿಪ್ಪು ಕೀಳಬೇಡಿ, ಅವೂ ನಮಗೆ ಬೇಕು. ಕೊಡೆಯ ಕಡ್ಡಿಯನ್ನೂ ನೀವು ಬಿಚ್ಚುವುದು ಬೇಡ, ಎಳೆದರೆ ಬಟ್ಟೆ ಹರಿಯುತ್ತದೆ. ಹಾಗೇ ತಂದು ಕೊಡಿ, ಕಬ್ಬಿಣವನ್ನು ಗುಜರಿಗೆ ನಾವೇ ಹಾಕುತ್ತೇವೆ.

ಇಂತಿ,
ನಿಮ್ಮ ಚೀಲ ಹೊಲಿಯುವ ಅಕ್ಕತಂಗಿಯರು