ತಂಗಿಯ ಹೆಸರು ಯಾವ ಪಟ್ಟಿಯಲ್ಲಿತ್ತು

ಪ್ರೀತಿಯ ಗೆಳೆಯಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಾಲುಪಟ್ಟಿಯ ಫೋಟೋಗಳು ಬಂದು ತಲುಪಿವೆ. ಅಡಿಕೆ ತೋಟ ಎಷ್ಟು ಗುಂಟೆ, ಹಳೇ ಮನೆ ಯಾರಿಗೆ, ಬಾವಿ ನೀರು ಯಾರ್‍ಯಾರಿಗೆ ಯಾವ ದಿನ, ಎಲ್ಲ ಬಿಡಿಸಿ ಬರೆಸಿದ್ದೀಯ. ನಾನು ಇಷ್ಟು ದೂರ ಇರೋದ್ರಿಂದ ನಿನಗೆ ಓಡಾಟ ಜಾಸ್ತಿ ಆಯ್ತು. ಆ ಋಣ ತೀರಿಸೋಕಾಗಲ್ಲ ಮಾರಾಯ. ಉತ್ತರ ತಡವಾಗಿದ್ದಕ್ಕೆ ಒಂದು ಕಾರಣ ಇದೆ. ಶನಿವಾರ ಇಲ್ಲಿನ ಮಾಂಟಿಸೆಲೊಗೆ ಹೋಗಿದ್ದೆ. ಅಲ್ಲಿಂದ ಬಂದಮೇಲೆ ಇನ್ನೊಂದು ಪಾಲುಪಟ್ಟಿ ತಲೆಯಲ್ಲಿ ಕೂತುಬಿಟ್ಟಿದೆ.

ಮಾಂಟಿಸೆಲೊ ಅಂದ್ರೆ ವರ್ಜೀನಿಯಾದ ಒಂದು ಗುಡ್ಡದ ಮೇಲೆ ಥಾಮಸ್ ಜೆಫರ್ಸನ್ ಕಟ್ಟಿಸಿದ ಮನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದವನು, ಆಮೇಲೆ ಅಧ್ಯಕ್ಷನಾದವನು. ನಾನು ಹೇಳಬೇಕೆಂದಿರುವುದು ಅವನ ಮಾವ ಜಾನ್ ವೇಯ್ಲ್ಸ್ ವಿಷಯ. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಹುಟ್ಟಿ ವರ್ಜೀನಿಯಾಕ್ಕೆ ಬಂದವನು. ವಕೀಲ. ಹೊಗೆಸೊಪ್ಪಿನ ಎಸ್ಟೇಟುಗಳ ಒಡೆಯ. ಆಫ್ರಿಕಾದಿಂದ ಹಡಗಿನಲ್ಲಿ ತಂದ ಜನರನ್ನು ಮಾರಿಕೊಡುವ ವ್ಯವಹಾರವನ್ನೂ ಮಾಡುತ್ತಿದ್ದ.

1746ರಲ್ಲಿ ಅವನ ಮೊದಲ ಮದುವೆಯಾಯಿತು. ಹೆಂಡತಿಯ ತವರಿನಿಂದ ಬಳುವಳಿಯಾಗಿ ಗುಲಾಮರೂ ಬಂದರು. ನಮ್ಮಲ್ಲಿ ಬಳುವಳಿ ಅಂದ್ರೆ ಹಸು, ಪಾತ್ರೆ, ಬಂಗಾರ. ಅಲ್ಲಿ ಬಂದವಳು ಹತ್ತು ಹನ್ನೊಂದು ವರ್ಷದ ಹುಡುಗಿ, ಎಲಿಜಬೆತ್ ಹೆಮಿಂಗ್ಸ್. ಎಲ್ಲರೂ ಬೆಟ್ಟಿ ಅನ್ನುತ್ತಿದ್ದರು. ತಾಯಿ ಆಫ್ರಿಕಾದವಳು, ಅಪ್ಪ ಇಂಗ್ಲಿಷ್ ಹಡಗಿನ ಕ್ಯಾಪ್ಟನ್ ಎಂದು ಅವಳ ಮೊಮ್ಮಗ ಮ್ಯಾಡಿಸನ್ ಮುಂದೆ ಹೇಳಿದ್ದಾನೆ. ವೇಯ್ಲ್ಸ್ ಒಬ್ಬರಾದಮೇಲೊಬ್ಬರಂತೆ ಮೂವರು ಹೆಂಡಂದಿರನ್ನು ಕಳೆದುಕೊಂಡ. ಮೂರನೆಯವಳೂ ತೀರಿಕೊಂಡ ಮೇಲೆ ಬೆಟ್ಟಿಯನ್ನು ಇಟ್ಟುಕೊಂಡ. ಇಟ್ಟುಕೊಂಡ ಅನ್ನೋ ಮಾತು ಬರೆಯುವಾಗ ಕೈ ಹಿಂಜರಿಯುತ್ತದೆ. ಬೇಡ ಅನ್ನುವ ಹಕ್ಕೇ ಅವಳಿಗಿರಲಿಲ್ಲ. ಅವಳಲ್ಲಿ ಅವನಿಗೆ ಆರು ಮಕ್ಕಳು. ರಾಬರ್ಟ್, ಜೇಮ್ಸ್, ಥೀನಿಯಾ, ಕ್ರಿಟಾ, ಪೀಟರ್, ಕೊನೆಗೆ 1773ರಲ್ಲಿ ಹುಟ್ಟಿದ ಸ್ಯಾಲಿ. ಮದುವೆಯಾದ ಹೆಂಡಂದಿರ ಹೆಣ್ಣುಮಕ್ಕಳು ನಾಲ್ವರು. ದೊಡ್ಡವಳು ಮಾರ್ಥಾ, ಜೆಫರ್ಸನ್ನನ ಹೆಂಡತಿ.

1773ರ ಮೇ ತಿಂಗಳಲ್ಲಿ ವೇಯ್ಲ್ಸ್ ಸತ್ತ. 1774ರ ಜನವರಿಯಲ್ಲಿ ಅಳಿಯಂದಿರು ಕೂತು ಆಸ್ತಿ ಹಂಚಿಕೊಂಡರು. ಮಾರ್ಥಾಳ ಪಾಲಿಗೆ, ಅಂದರೆ ಜೆಫರ್ಸನ್ನನ ಕೈಗೆ ಸುಮಾರು 11,000 ಎಕರೆ ಜಮೀನು ಬಂತು. ಜೊತೆಗೆ 135 ಜನ ಗುಲಾಮರು. ಬಳುವಳಿಯ ಕರಾರಿನಂತೆ ಬೆಟ್ಟಿ ಮತ್ತು ಅವಳ ಮಕ್ಕಳು ಮಾರ್ಥಾಳಿಗೇ ಸೇರಬೇಕಿತ್ತು, ಸೇರಿದರು.

ಇಲ್ಲಿ ಸ್ವಲ್ಪ ನಿಲ್ಲು. ಆ ಆರು ಮಕ್ಕಳೂ ಸತ್ತವನ ಮಕ್ಕಳೇ ತಾನೆ? ಮಾರ್ಥಾಳಿಗೆ ತಮ್ಮ, ತಂಗಿ. ಅಪ್ಪ ಒಬ್ಬನೇ, ಅಮ್ಮ ಬೇರೆ, ಅಷ್ಟೇ. ಅಕ್ಕ ಪಾಲು ಪಡೆಯುವವರ ಸಾಲಿನಲ್ಲಿದ್ದಳು. ವರ್ಷವೂ ತುಂಬಿರದ ತಂಗಿ ಪಾಲಿಗೆ ಬಂದ ವಸ್ತುಗಳ ಸಾಲಿನಲ್ಲಿದ್ದಳು. ಜೆಫರ್ಸನ್ ತನ್ನ ಬೇಸಾಯದ ಲೆಕ್ಕದ ಪುಸ್ತಕದಲ್ಲಿ ಇವರ ಹೆಸರುಗಳನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾನೆ. ಹೆಸರು, ಹುಟ್ಟಿದ ವರ್ಷ. ಅಪ್ಪನ ಹೆಸರು ಮಾತ್ರ ಇಲ್ಲ.

ಇದು ಒಬ್ಬ ಮನುಷ್ಯನ ಕಲ್ಲೆದೆಯಿಂದ ಮಾತ್ರ ಆದದ್ದಲ್ಲ ಕಣೋ. ಕಾನೂನೇ ಹಾಗಿತ್ತು. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ಅಪ್ಪನಿಂದ ಬರುತ್ತಿತ್ತು. ವರ್ಜೀನಿಯಾದವರು 1662ರಲ್ಲಿ ಅದನ್ನು ತಿರುಗಿಸಿದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಅಪ್ಪ ಯಾರೇ ಇರಲಿ. 1705ರಲ್ಲಿ ಇನ್ನೊಂದು ಕಾನೂನು ಮಾಡಿ ಗುಲಾಮರನ್ನು ಸ್ಥಿರಾಸ್ತಿ ಎಂದು ಕರೆದರು. ಹೊಲದ ಹಾಗೆ, ಮನೆಯ ಹಾಗೆ ವಾರಸುದಾರರಿಗೆ ಇಳಿಯಬೇಕು ಅಂತ. ಸ್ಥಿರಾಸ್ತಿ! ನೀನು ಕಳಿಸಿದ ಪಟ್ಟಿಯ ಮೊದಲ ಸಾಲಿನಲ್ಲೂ ಅದೇ ಮಾತಿದೆ. ಅದನ್ನು ಓದುವಾಗ ನನಗೆ ಮೈ ಜುಂ ಅಂತು.

ಆಸ್ತಿಯ ಜೊತೆ ಸಾಲವೂ ಬಂತು. ಬ್ರಿಸ್ಟಲ್ ಊರಿನ ವ್ಯಾಪಾರಿಗಳಿಗೆ ವೇಯ್ಲ್ಸ್ ದೊಡ್ಡ ಮೊತ್ತ ಕೊಡಬೇಕಿತ್ತು. ಸಾಯುವ ಹಿಂದಿನ ವರ್ಷ ಬಂದಿದ್ದ ಒಂದು ಗುಲಾಮರ ಹಡಗಿನ ಹೊಣೆಯೂ ಅವನ ತಲೆಮೇಲಿತ್ತು. ಅಳಿಯಂದಿರು ಸಾಲ ತೀರಿಸದೆ ಮೊದಲೇ ಪಾಲು ಮಾಡಿಕೊಂಡರು, ಹಾಗಾಗಿ ಸಾಲ ಅವರವರ ಕುತ್ತಿಗೆಗೆ ಬಿತ್ತು. ಜೆಫರ್ಸನ್ ಬಂದ ಜಮೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಮಾರಿದ. ಆದರೂ ಸಾಲದ ಕಾಟ ದಶಕಗಳ ಕಾಲ ಬಿಡಲಿಲ್ಲ.

ನಾನು ಈ ಕಥೆಯನ್ನು ನಮ್ಮ ಮಾತಿನಲ್ಲಿ ಮನಸ್ಸಿನೊಳಗೆ ಹೇಳಿಕೊಳ್ಳೋಕೆ ಶುರುಮಾಡಿದಾಗಲೇ ಅದು ಸರಿಯಾಗಿ ಚುಚ್ಚಿದ್ದು. ನಮ್ಮಲ್ಲಿ ಪ್ರತಿ ನಂಟಿಗೂ ಒಂದು ಹೆಸರಿದೆಯಲ್ಲ. ನೋಡು, 1776ರಲ್ಲಿ ಜೆಫರ್ಸನ್ ಫಿಲಡೆಲ್ಫಿಯಾದಲ್ಲಿ ಕೂತು ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆಯುತ್ತಿದ್ದಾಗ ಅವನ ಚಾಕರಿಗೆ ಜೊತೆಯಲ್ಲಿದ್ದವನು ರಾಬರ್ಟ್. ಹದಿನಾಲ್ಕರ ಹುಡುಗ. ತನ್ನ ಭಾವನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ. 1787ರಲ್ಲಿ ಜೆಫರ್ಸನ್ನನ ಎಂಟು ವರ್ಷದ ಮಗಳು ಪಾಲಿಯನ್ನು ಸಮುದ್ರ ದಾಟಿಸಿ ಕರೆದುಕೊಂಡು ಹೋದವಳು ಸ್ಯಾಲಿ. ಆ ಮಗುವಿಗೆ ಅವಳು ಚಿಕ್ಕಮ್ಮ. ಅವಳಿಗೂ ಆಗ ಹದಿನಾಲ್ಕೇ ವರ್ಷ. ಭಾವ, ಚಿಕ್ಕಮ್ಮ ಅನ್ನುವ ಮಾತುಗಳನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವ ಹಾಗಿರಲಿಲ್ಲ.

ಜೇಮ್ಸ್‌ನ ಕಥೆ ನನ್ನನ್ನು ಹೆಚ್ಚು ಕಾಡಿತು. ಅವನನ್ನು ಜೆಫರ್ಸನ್ ಪ್ಯಾರಿಸ್ಸಿಗೆ ಕರೆದುಕೊಂಡು ಹೋಗಿ ಫ್ರೆಂಚ್ ಅಡುಗೆ ಕಲಿಸಿದ. ಬಿಡುಗಡೆ ಕೇಳಿದಾಗ 1793ರಲ್ಲಿ ಒಂದು ಕರಾರು ಬರೆದುಕೊಟ್ಟ: ಇನ್ನೊಬ್ಬನಿಗೆ ಅಡುಗೆ ಕಲಿಸಿಕೊಟ್ಟರೆ ಬಿಡುತ್ತೇನೆ. ಕಲಿತವನು ಜೇಮ್ಸ್‌ನ ತಮ್ಮ ಪೀಟರ್. ಅಣ್ಣ ಬಿಡಿಸಿಕೊಳ್ಳಬೇಕಾದರೆ ತಮ್ಮ ಆ ಒಲೆಯ ಮುಂದೆ ನಿಲ್ಲಬೇಕಿತ್ತು. 1796ರ ಫೆಬ್ರವರಿಯಲ್ಲಿ ಜೇಮ್ಸ್ ಸ್ವತಂತ್ರನಾದ. ಹೊರಡುವ ಮೊದಲು ಅಡುಗೆಮನೆಯ ಸಾಮಾನುಗಳ ಪಟ್ಟಿಯನ್ನು ತನ್ನ ಕೈಯಾರೆ ಬರೆದಿಟ್ಟ. ಆ ಕಾಗದ ಇವತ್ತಿಗೂ ಉಳಿದಿದೆ. ತಾಮ್ರದ ಪಾತ್ರೆ 19, ಅವಕ್ಕೆ ಮುಚ್ಚಳ 19. ಹಿತ್ತಾಳೆ ಕುಟ್ಟಾಣಿ ಒಂದು, ಅಮೃತಶಿಲೆಯದ್ದು ಇನ್ನೊಂದು. ಮರದ ಸೌಟು 9. ಅಕ್ಷರ ದುಂಡಗಿವೆ, ಸಾಲು ನೆಟ್ಟಗಿದೆ. ಎಂಟು ವರ್ಷದವನಾಗಿದ್ದಾಗ ಇನ್ನೊಬ್ಬರ ಆಸ್ತಿ ಪಟ್ಟಿಯಲ್ಲಿ ಒಂದು ಸಾಲಾಗಿದ್ದವನು ಬರೆದ ಪಟ್ಟಿ ಅದು. ಅವನು ಅಡುಗೆ ಮಾಡುತ್ತಿದ್ದ ಜಾಗವನ್ನು ಅಗೆದಾಗ ಇದ್ದಿಲಿನ ಒಲೆಯ ಬುಡ ಸಿಕ್ಕಿದೆ. ಇಟ್ಟಿಗೆ, ಮಸಿ. ಅದರ ಮುಂದೆ ನಿಂತಾಗ ನನ್ನ ಕಣ್ಣು ಒದ್ದೆಯಾಗಿತ್ತು. ಜೇಮ್ಸ್ 1801ರಲ್ಲಿ ತಾನಾಗೇ ಪ್ರಾಣ ಬಿಟ್ಟ. ಮೂವತ್ತಾರು ವರ್ಷ.

ಉಳಿದವರ ಕಥೆ ಬೇಗ ಹೇಳುತ್ತೇನೆ. ರಾಬರ್ಟ್ 1794ರಲ್ಲಿ ಬಿಡುಗಡೆ ಪಡೆದ. ಹೆಂಡತಿಯ ಒಡೆಯ ಮುಂಗಡ ಕೊಟ್ಟ ದುಡ್ಡನ್ನು ದುಡಿದು ತೀರಿಸಿದ. ಅದೇ ವರ್ಷ ಥೀನಿಯಾಳನ್ನು, ಅವಳ ಐದು ಹೆಣ್ಣುಮಕ್ಕಳ ಸಮೇತ, ಜೇಮ್ಸ್ ಮನ್ರೋಗೆ ಮಾರಿದರು. ಅವನೂ ಮುಂದೆ ಅಧ್ಯಕ್ಷನಾದ. ಸ್ಯಾಲಿಗೆ ಜೆಫರ್ಸನ್ನನಿಂದಲೇ ಮಕ್ಕಳಾದವು. ಅವಳ ಮಗ ಮ್ಯಾಡಿಸನ್ 1873ರಲ್ಲಿ ಒಹಾಯೋದ ಪತ್ರಿಕೆಯೊಂದಕ್ಕೆ ಇದನ್ನೆಲ್ಲ ಹೇಳಿದ. ಎಷ್ಟೋ ಕಾಲ ದೊಡ್ಡವರು ನಂಬಲಿಲ್ಲ. 1998ರಲ್ಲಿ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂದಮೇಲೆ ಇತಿಹಾಸಕಾರರಲ್ಲಿ ಹೆಚ್ಚಿನವರು ಅವನ ಮಾತನ್ನು ಒಪ್ಪಿದರು.

1826ರಲ್ಲಿ ಜೆಫರ್ಸನ್ ಸತ್ತಾಗ ಮತ್ತೆ ಸಾಲ, ಮತ್ತೆ ಪಟ್ಟಿ. ಉಯಿಲಿನಲ್ಲಿ ಐವರಿಗೆ ಬಿಡುಗಡೆ ಬರೆದಿದ್ದ, ಅದರಲ್ಲಿ ಸ್ಯಾಲಿಯ ಇಬ್ಬರು ಗಂಡುಮಕ್ಕಳಿದ್ದರು. 1827ರ ಜನವರಿಯಲ್ಲಿ, ಆ ಚಳಿಯಲ್ಲಿ, ಉಳಿದ ಸುಮಾರು 130 ಜನರನ್ನು ಹರಾಜಿಗೆ ನಿಲ್ಲಿಸಿದರು. ಅಣ್ಣನಿಂದ ಅಡುಗೆ ಕಲಿತಿದ್ದ ಪೀಟರನನ್ನು ಅವನ ನೆಂಟನೇ ಒಂದು ಡಾಲರಿಗೆ ಕೊಂಡು ಬಿಡಿಸಿದ. ಕ್ರಿಟಾಳನ್ನು ಪಾಲಿಯ ಮಗ, ಅವಳೇ ಎತ್ತಿ ಆಡಿಸಿದ ಹುಡುಗ, ಕೊಂಡು ಬಿಟ್ಟುಕೊಟ್ಟ. ಸ್ಯಾಲಿಯ ಹೆಸರು ಉಯಿಲಿನಲ್ಲಿ ಇರಲಿಲ್ಲ. ಜೆಫರ್ಸನ್ನನ ದೊಡ್ಡ ಮಗಳು ಅವಳನ್ನು ಸುಮ್ಮನೆ ಹೋಗಗೊಟ್ಟಳು, ಅಷ್ಟೇ. ಆ ಮಗಳು ಸ್ಯಾಲಿಗಿಂತ ಒಂದು ವರ್ಷ ದೊಡ್ಡವಳು. ಚಿಕ್ಕಮ್ಮನಿಗೆ ಅಕ್ಕನ ಮಗಳು ಅನುಮತಿ ಕೊಡಬೇಕಾಯಿತು. ಸ್ಯಾಲಿ ಶಾರ್ಲಟ್ಸ್‌ವಿಲ್‌ನಲ್ಲಿ ಮಕ್ಕಳ ಜೊತೆ ಇದ್ದು 1835ರಲ್ಲಿ ತೀರಿಕೊಂಡಳು.

ಇದನ್ನು ನಮ್ಮ ಮನೆಗೆ ಹೋಲಿಸೋಕೆ ಬರೆಯುತ್ತಿಲ್ಲ. ಹೋಲಿಸಿದರೆ ಆ ಜನರಿಗೆ ಅನ್ಯಾಯ ಮಾಡಿದ ಹಾಗೆ. ಆದರೆ ವಾಪಸ್ ಬಂದು ನಿನ್ನ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ನಾಲ್ಕು ಪುಟದಲ್ಲಿ ನನ್ನ ಹೆಸರಿದೆ, ಅಣ್ಣನ ಹೆಸರಿದೆ. ತಂಗಿಯ ಹೆಸರು ಹುಡುಕಿದೆ. ಕೊನೇ ಪುಟದ ಹಿಂದೆ ಪಿನ್ ಮಾಡಿರುವ ಹಕ್ಕು ಬಿಡುಗಡೆ ಪತ್ರದಲ್ಲಿ ಮಾತ್ರ ಇದೆ. ಅವಳು ಸಹಿ ಹಾಕಿ ಕಳಿಸಿದ್ದಾಳೆ. ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅಣ್ಣ ಕೇಳಿರಬೇಕು, ಅವಳು ಒಪ್ಪಿರಬೇಕು ಅಂದುಕೊಂಡು ಕೂತಿದ್ದೆ.

ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತೇನೆ ಅಂದಿದ್ದೆಯಲ್ಲ. ಹೋಗಬೇಡ. ಕಾಗದ ನಿನ್ನ ಹತ್ರವೇ ಇರಲಿ. ಇವತ್ತು ರಾತ್ರಿ, ಅಲ್ಲಿ ಬೆಳಗಾಗುತ್ತಲೇ, ನಾನು ಅವಳಿಗೆ ಫೋನು ಮಾಡುತ್ತೇನೆ. ಆಮೇಲೆ ನಿನಗೆ.

ಅಮ್ಮನ ಹತ್ರ ಇದನ್ನು ಈಗಲೇ ಹೇಳಬೇಡ.

ನಿನ್ನ ಗೆಳೆಯ