ಈಜುಕೊಳ ಕೊಡಿ, ಕಾವಲಿನ ಖರ್ಚು ಸರ್ಕಾರ ಹೊರಲಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಲಬುರಗಿಯ ಒಬ್ಬ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಮುಳುಗುವುದು) ಶಿಕ್ಷಕನ ನಮಸ್ಕಾರ. ಮೂರು ವರ್ಷ ಅರ್ಜಿ ಬರೆದು ಬರೆದು ಸಾಕಾಗಿದೆ. ಇನ್ನು ಊರ ಮಂದಿಯೂ ಓದಲಿ ಎಂದು ಈ ಪತ್ರ. ನನ್ನ ಬೇಡಿಕೆ ಇಷ್ಟೇ: ಸರ್ಕಾರಿ ಈಜುಕೊಳದಲ್ಲಿ ವಾರಕ್ಕೆ ಎರಡು ಬೆಳಗು ಡೈವಿಂಗ್ ಕಲಿಸಲು ಬಿಡಿ, ಅಲ್ಲಿನ ಸುರಕ್ಷತೆಯ ಖರ್ಚನ್ನು ಸರ್ಕಾರ ಹೊರಲಿ.

ನಿಯಮ ಬೇಡ ಎನ್ನುವವನಲ್ಲ ನಾನು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ನೀರಿನಲ್ಲಿ ಕಲಿತವನು. 10 ಮೀಟರ್ ಕೆಳಗೆ ಒತ್ತಡ ಎರಡು ಪಟ್ಟಾಗುತ್ತದೆ. ಅಲ್ಲಿ ಸಿಲಿಂಡರಿನ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ಅದಕ್ಕೇ ಮೊದಲ ಪಾಠಗಳು ಕೊಳದಲ್ಲೇ ಆಗಬೇಕು.

ಆದರೆ ಲೆಕ್ಕ ನೋಡಿ. ಸಿಲಿಂಡರುಗಳಿಗೆ 5 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರಿನ ಸರ್ವಿಸ್, ಆಕ್ಸಿಜನ್ ಕಿಟ್, ವಿಮೆ. ಕಲಿಯುವವರು ಎಷ್ಟೇ ಇರಲಿ, ಇವು ಕಡಿಮೆಯಾಗುವುದಿಲ್ಲ. ಡೈವಿಂಗ್ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆ ಪಾಡಿಯ (PADI) ನಿಯಮದಂತೆ ತೆರೆದ ನೀರಿನಲ್ಲಿ ಒಬ್ಬ ಶಿಕ್ಷಕನ ಕೈಗೆ ಹೆಚ್ಚೆಂದರೆ 8 ವಿದ್ಯಾರ್ಥಿಗಳು. ಕರಾವಳಿಗೆ ಪ್ರವಾಸಿಗರು ಬರುತ್ತಾರೆ, ಖರ್ಚು ಎಂಟು ಮಂದಿಗೆ ಹಂಚಿಹೋಗುತ್ತದೆ. ನನ್ನ ಹತ್ತಿರ ಇರುವುದು ಇಬ್ಬರು: ಭೀಮಾ ದಂಡೆಯ ಮೀನುಗಾರರ ಹುಡುಗ, ಒಬ್ಬ ಹೋಂಗಾರ್ಡ್. ತಲಾ ನಾಲ್ಕು ಪಟ್ಟು ಅವರು ಎಲ್ಲಿಂದ ತರಬೇಕು?

ಹೋದ ಮಳೆಗಾಲದಲ್ಲಿ ಒಂದು ಕಚೇರಿಯವರು ನನ್ನ ಅರ್ಜಿ ತಿರುಗಿಸಿದರು. ವೈದ್ಯರು, ಆಂಬ್ಯುಲೆನ್ಸ್, ಇಬ್ಬರು ಜೀವರಕ್ಷಕರು, ಎಲ್ಲವೂ ನನ್ನ ಖರ್ಚಿನಲ್ಲಿ ಇರಬೇಕಂತೆ. ಹನ್ನೊಂದು ದಿನಕ್ಕೆ ಅದೇ ಕಚೇರಿಯಿಂದ ಫೋನು: "ಸರ, ಲಗೂ ಬರ್ರಿ, ಹುಡುಗ ಖಣ್ಯಾಗ ಬಿದ್ದಾನ."

ಹೋದೆ. ಶಹಾಬಾದ ಕಡೆಯ ಪರ್ಸಿ ಕಲ್ಲಿನ ಹಳೆಯ ಖಣಿ, ಮಳೆನೀರು ತುಂಬಿತ್ತು. ಮುಖದ ಮುಂದೆ ಹಿಡಿದ ನನ್ನ ಕೈಯೇ ನನಗೆ ಕಾಣಲಿಲ್ಲ. ಇಂಥ ನೀರಿಗೆ ಇಳಿಯುವಾಗ ಹಗ್ಗ ಹಿಡಿಯುವವನು ತರಬೇತಿ ಪಡೆದವನಿರಬೇಕು, ದಡದಲ್ಲಿ ಇನ್ನೊಬ್ಬ ಮುಳುಗುಗಾರ ಸಿದ್ಧನಿರಬೇಕು. ನನ್ನ ಹಗ್ಗ ಹಿಡಿದವರು ಹುಡುಗನ ಕಾಕಾ. ಅವರ ಕೈ ನಡುಗುವುದು ಹಗ್ಗದಗುಂಟ ನನಗೆ ತಿಳಿಯುತ್ತಿತ್ತು. ಮೂರನೇ ಸಲ ಇಳಿದಾಗ ಹುಡುಗ ಸಿಕ್ಕ. ಆಂಬ್ಯುಲೆನ್ಸ್ ಬಂದದ್ದು ಆಮೇಲೆ, ಅವನ ಹೆಣಕ್ಕೆ.

ತಿಳಿನೀರಿನ ಕೊಳದಲ್ಲಿ ಪಾಠ ಹೇಳಲು ಬೇಕಾದ ವೈದ್ಯರು ಆ ಕತ್ತಲಿಗೆ ಇಳಿದವನಿಗೆ ಬೇಡವಾದರೇ ಶಾಸಕರೇ? ಅವತ್ತು ನನ್ನ ಸುರಕ್ಷತೆಯನ್ನು ಕೇಳಿದವರು ಯಾರು? ಆ ಕಾಕಾನ ಜಾಗದಲ್ಲಿ ನಿಲ್ಲಲಿ ಎಂದೇ ಈ ಇಬ್ಬರಿಗೆ ನಾನು ಕಲಿಸಬೇಕೆಂದಿರುವುದು. ಅವರಿಗೆ ಕೊಳ ಕೊಡಿ ಎಂದೇ ಮೂರು ವರ್ಷದಿಂದ ಬೇಡುತ್ತಿರುವುದು.

ನಿಯಮಗಳು ನಿಮಗೆ ಗೊತ್ತಿವೆ. ಒಂದನ್ನೂ ಸಡಿಲಿಸಬೇಡಿ. ಜೀವರಕ್ಷಕರನ್ನು ಸರ್ಕಾರ ನೇಮಿಸಲಿ, ಆಂಬ್ಯುಲೆನ್ಸ್ ಆ ಎರಡು ಬೆಳಗು ಕೊಳದ ಬಾಗಿಲಲ್ಲಿ ನಿಲ್ಲಲಿ, ಸಿಲಿಂಡರ್ ಪರೀಕ್ಷೆಯ ಶುಲ್ಕದಲ್ಲಿ ಅರ್ಧ ಕೊಡಲಿ. ಹೋದ ತಿಂಗಳು ಮನೆ ಬಾಡಿಗೆಗೆಂದು ಎರಡು ಸಿಲಿಂಡರ್ ಮಾರಿದ್ದೇನೆ. ಉಳಿದ ನಾಲ್ಕರ ಪರೀಕ್ಷೆಯ ಅವಧಿ ದೀಪಾವಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಕೊಳ ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಕಲಬುರಗಿ